ಸಂಪಾದಕರ ಉತ್ತರ: ಹತ್ತು ವಾಹಿನಿ, ಒಂದೇ ಹಾಡು

ಚಿತ್ರದುರ್ಗದ ನಿವೃತ್ತ ಅಧ್ಯಾಪಕರೊಬ್ಬರು ಬರೆದಿರುವ ಪತ್ರ ದೀರ್ಘವಾಗಿರುವುದರಿಂದ ಇಡಿಯಾಗಿ ಅಚ್ಚು ಮಾಡಲಾಗಿಲ್ಲ. ಅದರ ಸಾರ ಹೀಗಿದೆ. ಮಗನ ಮನೆಯಲ್ಲಿರಲೆಂದು ಬೆಂಗಳೂರಿಗೆ ಹೋಗಿದ್ದಾಗ ಅವರು ದಿನವೂ ಬೆಳಿಗ್ಗೆ ಎಫ್‌ಎಂ ರೇಡಿಯೋವನ್ನು ಈ ತುದಿಯಿಂದ ಆ ತುದಿಯವರೆಗೆ ತಿರುಗಿಸಿ ನೋಡಿದರಂತೆ. ಒಂದು ವಾಹಿನಿಯಲ್ಲಿ ಮುಗಿದ ಸಿನಿಮಾ ಹಾಡು ಮತ್ತೊಂದರಲ್ಲಿ ಆಗ ತಾನೇ ಶುರುವಾಗುತ್ತಿತ್ತು. ಆರ್‌ಜೆಗಳ ಧಾಟಿಯೂ ಒಂದೇ, ನಗೆಯೂ ಒಂದೇ. ಇದಕ್ಕೆ ಕೇಳುಗರ ಅಭಿರುಚಿ ಕೆಟ್ಟಿರುವುದೇ ಕಾರಣವೆಂದು ಅವರು ತೀರ್ಮಾನಿಸಿದ್ದಾರೆ. ಯಾವ ತರಂಗಾಂತರದಲ್ಲಿ ಏನು ಬರಬೇಕೆಂಬುದನ್ನು ಸರ್ಕಾರವೇ ಲೈಸೆನ್ಸಿನಲ್ಲಿ ಬರೆದುಬಿಡಬೇಕು ಎಂಬುದು ಅವರ ಸಲಹೆ. ನಾಳೆ ಖಾಸಗಿ ಎಫ್‌ಎಂ ದುರ್ಗಕ್ಕೂ ದಾವಣಗೆರೆಗೂ ಬಂದರೆ ತಮ್ಮ ಬಡಾವಣೆಯ ಗಮಕ ಸಂಘದ ವಾಚನಕ್ಕೆ ಅದರಲ್ಲಿ ಜಾಗ ಸಿಕ್ಕೀತೇ ಎಂಬ ಪ್ರಶ್ನೆಯೊಂದಿಗೆ ಪತ್ರ ಮುಗಿದಿದೆ.

ಅವರು ಕಂಡದ್ದು ನಿಜ. ಅದಕ್ಕೆ ಕೊಟ್ಟ ಕಾರಣವನ್ನು ಮಾತ್ರ ನಾನು ಒಪ್ಪಲಾರೆ. ಕೇಳುಗರ ಅಭಿರುಚಿ ಎಷ್ಟೇ ಬಗೆಬಗೆಯಾಗಿದ್ದರೂ, ವಾಹಿನಿಗಳ ಲೆಕ್ಕಾಚಾರ ಈಗಿರುವ ಹಾಗೇ ಇರುವವರೆಗೆ ಅವರ ಕಿವಿಗೆ ಬೀಳುವುದು ಇದೇ ಹಾಡು.

1952ರಲ್ಲಿ ಪೀಟರ್ ಸ್ಟೈನರ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ರೇಡಿಯೋ ಪೈಪೋಟಿಯ ಕುರಿತು ಬರೆದ ಲೇಖನ ಈ ಲೆಕ್ಕವನ್ನು ಮೊದಲು ಬಿಡಿಸಿ ತೋರಿಸಿತು. ಅಂಕಿಗಳನ್ನು ನಮ್ಮ ಅನುಕೂಲಕ್ಕೆ ತಕ್ಕಂತೆ ಕಲ್ಪಿಸಿಕೊಳ್ಳೋಣ. ಒಂದು ಊರಿನಲ್ಲಿ ನೂರು ಕೇಳುಗರಿದ್ದು, ಅವರಲ್ಲಿ ಎಪ್ಪತ್ತು ಮಂದಿಗೆ ಹೊಸ ಸಿನಿಮಾ ಹಾಡು, ಇಪ್ಪತ್ತು ಮಂದಿಗೆ ಭಾವಗೀತೆ, ಹತ್ತು ಮಂದಿಗೆ ಶಾಸ್ತ್ರೀಯ ಸಂಗೀತ ಬೇಕಾಗಿದೆ ಎನ್ನಿ. ಮೊದಲು ಬಂದ ವಾಹಿನಿ ಸಿನಿಮಾ ಹಾಡನ್ನೇ ಹಾಕುತ್ತದೆ. ಎರಡನೆಯದಕ್ಕೂ ಸಿನಿಮಾ ಹಾಡೇ ಲಾಭ, ಏಕೆಂದರೆ ಎಪ್ಪತ್ತರಲ್ಲಿ ಅರ್ಧ ಎಂದರೂ ಮೂವತ್ತೈದು ಮಂದಿ ಸಿಗುತ್ತಾರೆ. ಮೂರನೆಯದಕ್ಕೆ ಇಪ್ಪತ್ತಮೂರು ಮಂದಿ ಸಿಗುವುದರಿಂದ ಅದೂ ಅಲ್ಲಿಗೇ ಹೋಗುತ್ತದೆ. ನಾಲ್ಕನೆಯದು ಬಂದಾಗ ಮಾತ್ರ ಸಿನಿಮಾ ಪಾಲು ಹದಿನೇಳೂವರೆಗೆ ಇಳಿದು, ಭಾವಗೀತೆಯ ಇಪ್ಪತ್ತು ಮಂದಿ ಕಣ್ಣಿಗೆ ಬೀಳುತ್ತಾರೆ. ಐದು, ಆರು, ಏಳನೆಯವು ಮತ್ತೆ ಸಿನಿಮಾ ಹಾಡಿಗೇ ಹಿಂದಿರುಗುತ್ತವೆ. ಶಾಸ್ತ್ರೀಯ ಸಂಗೀತದ ಹತ್ತು ಮಂದಿ ಎಂಟನೆಯ ವಾಹಿನಿ ಬರುವವರೆಗೂ ಕಾದು ಕುಳಿತಿರಬೇಕು. ಅದೇ ಊರಿನಲ್ಲಿ ಮೂರೇ ವಾಹಿನಿಗಳಿದ್ದು ಮೂರಕ್ಕೂ ಒಬ್ಬನೇ ಒಡೆಯನಾಗಿದ್ದರೆ, ಅವನು ತನ್ನ ಕೇಳುಗರನ್ನು ತಾನೇ ಕಿತ್ತುಕೊಳ್ಳುವ ಕೆಲಸಕ್ಕೆ ಹೋಗುವುದಿಲ್ಲ. ಮೂರರಲ್ಲಿ ಮೂರು ಬಗೆಯನ್ನು ಹಾಕಿ ನೂರು ಮಂದಿಯನ್ನೂ ಹಿಡಿದುಕೊಳ್ಳುತ್ತಾನೆ. ಪೈಪೋಟಿಯಿಂದ ವೈವಿಧ್ಯ ತಾನಾಗಿ ಬರುತ್ತದೆಂದು ನಂಬಿದವರಿಗೆ ಈ ಲೆಕ್ಕ ಇಂದಿಗೂ ಇರುಸುಮುರುಸು ಉಂಟುಮಾಡುತ್ತದೆ.

ಇದು ಬರಿಯ ಕಾಗದದ ಲೆಕ್ಕವಲ್ಲ. ದೇಶದ ಮೊದಲ ಖಾಸಗಿ ಎಫ್‌ಎಂ ವಾಹಿನಿ ರೇಡಿಯೋ ಸಿಟಿ 91.1 ಬೆಂಗಳೂರಿನಲ್ಲಿ ಆರಂಭವಾದದ್ದು 2001ರ ಜುಲೈ 3ರಂದು. ಖಾಸಗಿ ರೇಡಿಯೋ ಕುರಿತ ಕೇಂದ್ರ ಸರ್ಕಾರದ 2005ರ ಎರಡನೇ ಹಂತದ ನೀತಿಯ ನಂತರ ಮಿರ್ಚಿ, ಬಿಗ್ ಮುಂತಾದವು ಬಂದವು. ಆ ನೀತಿಯಂತೆ ಒಂದು ಊರಿನಲ್ಲಿ ಒಂದು ಕಂಪನಿಗೆ ಒಂದೇ ವಾಹಿನಿ. ಯಾರೊಬ್ಬರೂ ಊರನ್ನು ಕಬಳಿಸಬಾರದೆಂಬುದು ನಿಯಮದ ಉದ್ದೇಶವಾದರೂ, ಪ್ರತಿಯೊಬ್ಬರೂ ಆ ಎಪ್ಪತ್ತು ಮಂದಿಯ ಹಿಂದೆಯೇ ಓಡಿದ್ದು ಅದರ ಫಲ. ಆ ಓಟದಿಂದ ಒಂದು ಒಳ್ಳೆಯದೂ ಆಯಿತೆಂಬುದನ್ನು ಪತ್ರಲೇಖಕರು ಗಮನಿಸಿದಂತಿಲ್ಲ: ಬೆಂಗಳೂರಿನ ಎಫ್‌ಎಂನಲ್ಲಿ ಕನ್ನಡ ಹಾಡಿಗೆ ಈಗಿರುವ ಬೆಲೆ ಬಂದದ್ದು, ವಾಹಿನಿಗಳು ಹೆಚ್ಚಿ ಕನ್ನಡ ಕೇಳುಗರಿಗಾಗಿ ಕಿತ್ತಾಟ ಶುರುವಾದ ಮೇಲೆಯೇ. 2011ರ ಮೂರನೇ ಹಂತದ ನೀತಿಯು, ಊರಿನಲ್ಲಿ ಕನಿಷ್ಠ ಮೂವರು ಬೇರೆ ಬೇರೆ ಒಡೆಯರಿರಬೇಕೆಂಬ ಷರತ್ತಿನೊಂದಿಗೆ, ಒಟ್ಟು ವಾಹಿನಿಗಳಲ್ಲಿ ಶೇ 40ರವರೆಗೆ ಒಬ್ಬರೇ ಹೊಂದಲು ಅವಕಾಶ ಕೊಟ್ಟಿತು. ಆ ಬಳಿಕ ಬೆಂಗಳೂರಿನಲ್ಲಿ ಎರಡನೇ ತರಂಗಾಂತರ ಪಡೆದ ಮಿರ್ಚಿ, ಒಂದರಲ್ಲಿ ಕನ್ನಡವನ್ನು ಉಳಿಸಿಕೊಂಡು ಇನ್ನೊಂದನ್ನು ಹಿಂದಿ ಹಾಡುಗಳಿಗೆ ಬಿಟ್ಟಿತು. ಸ್ಟೈನರ್ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ಆಕಾಶವಾಣಿಯೂ ಇದೇ ಕಾರಣಕ್ಕೆ ಬೆಂಗಳೂರಿನಲ್ಲಿ ಒಂದು ಕಡೆ ವಿವಿಧ ಭಾರತಿಯನ್ನು, ಇನ್ನೊಂದು ಕಡೆ ಎಫ್‌ಎಂ ರೇನ್‌ಬೋವನ್ನು ನಡೆಸುತ್ತಲೇ 100.1ರ ಅಮೃತವರ್ಷಿಣಿಯನ್ನು ಶಾಸ್ತ್ರೀಯ ಸಂಗೀತಕ್ಕೆ ಮೀಸಲಿಡಲು ಸಾಧ್ಯವಾಯಿತು. 2016ರ ಜನವರಿ 26ರಂದು ‘ರಾಗಂ’ ಎಂಬ ಇಪ್ಪತ್ತನಾಲ್ಕು ಗಂಟೆಯ ಶಾಸ್ತ್ರೀಯ ವಾಹಿನಿಯನ್ನು ಬೆಂಗಳೂರಿನಿಂದಲೇ ಆರಂಭಿಸಿದ್ದೂ ಆಕಾಶವಾಣಿಯೇ. ಹಾಗೆ ಮಾಡಬಲ್ಲ ಒಡೆಯ ಬೇರೆ ಯಾರೂ ಆ ಊರಿನಲ್ಲಿ ಇರಲಿಲ್ಲ.

ಆದರೆ ಸ್ಟೈನರ್‌ನ ಲೆಕ್ಕದಲ್ಲಿ ಒಂದು ಕೊರತೆಯಿದೆ. ಅವನು ತಲೆ ಎಣಿಸಿದ, ಜೇಬು ಎಣಿಸಲಿಲ್ಲ. 2011ರ ಜನಗಣತಿಯ ಪ್ರಕಾರ ಬೆಂಗಳೂರಿನಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ. ತಮಿಳು, ತೆಲುಗು, ಉರ್ದು ಭಾಷಿಕರು ಪ್ರತಿಯೊಂದೂ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು. ತಲೆಯ ಲೆಕ್ಕವೊಂದೇ ನಡೆಯುವುದಾಗಿದ್ದರೆ ಈ ಮೂರರಲ್ಲಿ ಒಂದಕ್ಕಾದರೂ ಪೂರ್ಣಾವಧಿಯ ಖಾಸಗಿ ವಾಹಿನಿ ಇರಬೇಕಾಗಿತ್ತು. ಅದು ಬರಲಿಲ್ಲ; ಬಂದದ್ದು ಇಂಗ್ಲಿಷ್ ಹಾಡುಗಳ ರೇಡಿಯೋ ಇಂಡಿಗೋ 91.9. ಇಂಗ್ಲಿಷ್ ಹಾಡು ಕೇಳುವವರು ಎಷ್ಟೇ ಕಡಿಮೆಯಿದ್ದರೂ ಅವರು ಕಾರು, ಫ್ಲ್ಯಾಟು, ವಿಮಾನದ ಟಿಕೆಟ್ ಕೊಳ್ಳುವವರೆಂಬುದು ಜಾಹೀರಾತುದಾರರ ನಂಬಿಕೆ. ತಮಿಳು, ಉರ್ದುಗಳ ವಿಷಯದಲ್ಲಿ ಬೇರೊಂದು ಅಂಜಿಕೆಯೂ ಇರಬಹುದೆಂದು ನನ್ನ ಊಹೆ. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನದ ಉರ್ದು ವಾರ್ತೆಯ ವಿಚಾರಕ್ಕೆ ನಡೆದ ಗಲಭೆಯಲ್ಲಿ ಜೀವಗಳೇ ಹೋದವು. ಕೋಟಿಗಟ್ಟಲೆ ಹಣ ಹೂಡುವವರು ಅಂಥದ್ದನ್ನು ಬೇಗ ಮರೆಯುವುದಿಲ್ಲ. 2015ರ ಹರಾಜಿನಲ್ಲಿ ಬೆಂಗಳೂರಿನ ಒಂದೇ ತರಂಗಾಂತರ ನೂರು ಕೋಟಿ ರೂಪಾಯಿಗೂ ಮೇಲೆ ಹೋಯಿತು. ಅಷ್ಟು ಕೊಟ್ಟು ಹದಿನೈದು ವರ್ಷಕ್ಕೆ ಪರವಾನಗಿ ಪಡೆದವರು ಪ್ರಯೋಗಕ್ಕೆ ಕೈ ಹಾಕದಿದ್ದರೆ ಅವರನ್ನು ರಸಿಕತೆಯಿಲ್ಲದವರೆಂದು ಬೈದು ಪ್ರಯೋಜನವಿಲ್ಲ.

ಕೇಳುಗರನ್ನು ಅಳೆಯುವ ಕ್ರಮವೂ ಹಾಗೇ ಇತ್ತು. ಟ್ಯಾಮ್ ಸಂಸ್ಥೆ 2007ರಿಂದ ನಡೆಸಿದ ‘ರ‍್ಯಾಮ್’ ಸಮೀಕ್ಷೆಯಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಬೆಂಗಳೂರುಗಳಲ್ಲಿ ತಲಾ ಸುಮಾರು 480 ಮಂದಿಗೆ ಡೈರಿ ಕೊಟ್ಟು, ಯಾವ ಹೊತ್ತಿನಲ್ಲಿ ಯಾವ ವಾಹಿನಿ ಕೇಳಿದಿರೆಂದು ಬರೆಸಿಕೊಳ್ಳುತ್ತಿದ್ದರು. ಅಂಥ ಡೈರಿಯಲ್ಲಿ ನೂರಕ್ಕೆ ಇಬ್ಬರು ಕೇಳುವ ಕಾರ್ಯಕ್ರಮದ ಏರಿಳಿತ ಎಂದರೆ ನಾಲ್ಕಾರು ಮಂದಿಯ ಏರಿಳಿತ. ಅದನ್ನು ಹಿಡಿದು ಯಾವ ಜಾಹೀರಾತುದಾರನೂ ಹಣ ಬಿಚ್ಚುವುದಿಲ್ಲ. ದಾವಣಗೆರೆಯಂಥ ಊರಿಗೆ ಆ ಡೈರಿಯೂ ಬರಲಿಲ್ಲ. ಇಲ್ಲಿನ ಮಂಡಕ್ಕಿ ಭಟ್ಟಿಗಳಲ್ಲಿ ನಸುಕಿನಲ್ಲೇ ಒಲೆ ಹೊತ್ತಿಸಿ, ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತ, ಗೋಡೆಯ ಮೊಳೆಗೆ ನೇತುಹಾಕಿದ ಮಸಿ ಹಿಡಿದ ರೇಡಿಯೋವನ್ನು ಜರಡಿಯ ಸದ್ದಿಗಿಂತ ಮೇಲೆ ಕೇಳುವಷ್ಟು ದೊಡ್ಡದಾಗಿ ಹಾಕಿಕೊಂಡವರನ್ನು ನಾನು ನೋಡಿದ್ದೇನೆ. ಭದ್ರಾವತಿ ಸಿಕ್ಕರೆ ಭದ್ರಾವತಿ, ದುರ್ಗ ಸಿಕ್ಕರೆ ದುರ್ಗ. ಅವರಷ್ಟು ಹೊತ್ತು ರೇಡಿಯೋ ಕೇಳುವವರು ಕಾರಿನಲ್ಲಿ ಓಡಾಡುವವರಲ್ಲಿ ಸಿಗಲಾರರು. ಆದರೂ ಯಾವ ಸಮೀಕ್ಷೆಯ ಪುಟದಲ್ಲೂ ಅವರ ಗುರುತಿಲ್ಲ.

ಇನ್ನು ಫಾರ್ಮ್ಯಾಟನ್ನು, ಎಂದರೆ ವಾಹಿನಿಯಲ್ಲಿ ಯಾವ ಬಗೆಯ ಕಾರ್ಯಕ್ರಮ ಬರಬೇಕೆಂಬುದನ್ನು, ಸರ್ಕಾರವೇ ಗೊತ್ತುಪಡಿಸಲಿ ಎಂಬ ಸಲಹೆ. ಆ ಪ್ರಯೋಗವನ್ನು ನಮ್ಮ ದೇಶ ಒಮ್ಮೆ ಮಾಡಿ ನೋಡಿದೆ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತದ ಮೇಲಿನ ಪ್ರೀತಿಯಿಂದಲೇ ಆಕಾಶವಾಣಿಯಲ್ಲಿ ಸಿನಿಮಾ ಹಾಡುಗಳಿಗೆ ಕಡಿವಾಣ ಹಾಕಿದರು. ಕೇಳುಗರು ಪಕ್ಕದ ದೇಶಕ್ಕೆ ತಿರುಗಿದರು. ರೇಡಿಯೋ ಸಿಲೋನಿನ ಬಿನಾಕಾ ಗೀತ್‌ಮಾಲಾ ಮನೆಮಾತಾಯಿತು. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಿ ಸಿನಿಮಾ ಹಾಡನ್ನು ಆಕಾಶವಾಣಿಯೇ ಬರಮಾಡಿಕೊಳ್ಳಬೇಕಾಯಿತು. ಕೇಸ್ಕರ್ ಅವರ ಕಾಲದಲ್ಲಿ ಸಂಗೀತ ವಿದ್ವಾಂಸರಿಗೆ ದೊರೆತ ಆಸರೆಯನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಒಬ್ಬರ ಒಳ್ಳೆಯ ಅಭಿರುಚಿ ಎಲ್ಲರಿಗೂ ಕಟ್ಟಳೆಯಾದಾಗ ರೇಡಿಯೋದ ಗುಂಡಿ ಕೇಳುಗನ ಕೈಯಲ್ಲೇ ಇರುತ್ತದೆಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕಾನೂನಿನ ದಾರಿಯೂ ಪತ್ರಲೇಖಕರು ಎಣಿಸಿದಷ್ಟು ಸಲೀಸಲ್ಲ. ನ್ಯೂಯಾರ್ಕಿನಲ್ಲಿ ಶಾಸ್ತ್ರೀಯ ಸಂಗೀತಕ್ಕೆಂದೇ ಇದ್ದ ಡಬ್ಲ್ಯೂಎನ್‌ಸಿಎನ್ ವಾಹಿನಿಯನ್ನು ಅದರ ಮಾಲೀಕರು 1974ರಲ್ಲಿ ರಾಕ್ ಸಂಗೀತಕ್ಕೆ ಬದಲಾಯಿಸಿದಾಗ, ಕೇಳುಗರು ಸಂಘ ಕಟ್ಟಿಕೊಂಡು ಹೋರಾಡಿ ಮರುವರ್ಷ ಅದನ್ನು ಮೊದಲಿನಂತೆ ಮಾಡಿಸಿದರು. ಆದರೆ ಅದೇ ಕೇಳುಗರ ಸಂಘದ ಮೊಕದ್ದಮೆಯಲ್ಲಿ 1981ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ವಾಹಿನಿಯ ಫಾರ್ಮ್ಯಾಟ್ ಬದಲಾವಣೆಯನ್ನು ಸಂಪರ್ಕ ಆಯೋಗ ಪರಿಶೀಲಿಸಲೇಬೇಕೆಂದಿಲ್ಲ, ಅದನ್ನು ಮಾರುಕಟ್ಟೆಗೆ ಬಿಡಬಹುದು ಎಂದು ಹೇಳಿತು. 1993ರ ಕೊನೆಗೆ ವಾಹಿನಿ ಮತ್ತೆ ರಾಕ್‌ಗೆ ಹೋಯಿತು. ಈ ಸಲ ತಿರುಗಿ ಬರಲಿಲ್ಲ. ನಮ್ಮಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು ಗಾಳಿಯ ಅಲೆಗಳು ಸಾರ್ವಜನಿಕ ಸೊತ್ತೆಂದು ಸಾರಿದ್ದರಿಂದ ಸರ್ಕಾರಕ್ಕೆ ಷರತ್ತು ಹಾಕುವ ಅಧಿಕಾರ ಇದೆ ಎಂದು ವಾದಿಸಬಹುದು. ಆ ಅಧಿಕಾರ ಈವರೆಗೆ ಹೆಚ್ಚಾಗಿ ಬಳಕೆಯಾಗಿರುವುದು ಬೇಡದ ಕಡೆಗೆ. ಖಾಸಗಿ ಎಫ್‌ಎಂ ಸ್ವಂತ ವಾರ್ತೆಯನ್ನು ಓದುವಂತಿಲ್ಲ; ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಹಾಕಬಹುದು, ಅಷ್ಟೇ. ಗಂಟೆಗೆ ಹತ್ತು ನಿಮಿಷದ ಮಿತಿಯಲ್ಲಿ ವಾರ್ತೆಗೆ ಅವಕಾಶ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2023ರಲ್ಲಿ ಶಿಫಾರಸು ಮಾಡಿದೆ. ಊರಿನ ಸುದ್ದಿ, ಚರ್ಚೆ, ನಗರಸಭೆಯ ಜಗಳ ಇವೆಲ್ಲಕ್ಕೂ ಬಾಗಿಲು ಮುಚ್ಚಿದ ಮೇಲೆ ಉಳಿಯುವುದು ಹಾಡು ಮತ್ತು ಹರಟೆ; ಹತ್ತು ವಾಹಿನಿಗಳ ಹರಟೆ ಒಂದೇ ಥರ ಕೇಳಿಸಿದರೆ ಅಚ್ಚರಿಯೇನು?

ಈಗ ನಮ್ಮ ಊರುಗಳ ಮಾತು. 2024ರ ಆಗಸ್ಟಿನಲ್ಲಿ ಕೇಂದ್ರ ಸಚಿವ ಸಂಪುಟ 234 ಹೊಸ ಊರುಗಳಲ್ಲಿ 730 ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ದಾವಣಗೆರೆ, ಚಿತ್ರದುರ್ಗ ಎರಡೂ ಆ ಪಟ್ಟಿಯಲ್ಲಿವೆ. ಖಾಸಗಿ ವಾಹಿನಿ ಬರುವುದನ್ನು ನಾನು ವಿರೋಧಿಸುವುದಿಲ್ಲ. ಇಲ್ಲಿನ ಬಟ್ಟೆ ಅಂಗಡಿಯವರಿಗೆ ಜಾಹೀರಾತಿನ ಒಂದು ದಾರಿಯಾಗುತ್ತದೆ, ನಮ್ಮ ಭಾಗದ ಮಾತಿನ ಧಾಟಿಯಲ್ಲೇ ಹರಟುವ ಹುಡುಗ ಹುಡುಗಿಯರಿಗೆ ಕೆಲಸ ಸಿಗುತ್ತದೆ. ಆದರೆ ಮೇಲಿನ ಲೆಕ್ಕದಂತೆ, ಮೂರು ನಾಲ್ಕು ವಾಹಿನಿಗಳು ಬರುವ ಊರಿನಲ್ಲಿ ಮೊದಲ ಮೂರೂ ಸಿನಿಮಾ ಹಾಡನ್ನೇ ಹಾಕುತ್ತವೆ; ನಾಲ್ಕನೆಯದು ಬಂದರೆ ಹೆಚ್ಚೆಂದರೆ ಭಾವಗೀತೆ. ಬೆಂಗಳೂರಿನಲ್ಲಿ ಎಂಟನೆಯ ವಾಹಿನಿಗಾಗಿ ಕಾಯುವ ಆಸೆಯಾದರೂ ಉಂಟು; ಇಲ್ಲಿ ಅದೂ ಇಲ್ಲ. ಆದ್ದರಿಂದ ಗಮಕಕ್ಕೆ ಅಲ್ಲಿ ಜಾಗ ಸಿಕ್ಕೀತೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಸಿಗುವುದಿಲ್ಲ ಎಂದೇ.

ಜಾಗ ಇರುವುದು ಬೇರೆ ಎರಡು ಕಡೆ. ಒಂದು, ದುರ್ಗದ್ದೇ ಆದ ಆಕಾಶವಾಣಿ, 102.6. ಅದು ಬೆಂಗಳೂರಿನ ಕಾರ್ಯಕ್ರಮವನ್ನು ಮರುಪ್ರಸಾರ ಮಾಡುವ ಗೋಪುರವಾಗಿ ಉಳಿಯದೆ, ಚಳ್ಳಕೆರೆಯ ಶೇಂಗಾ ಬೆಳೆಗಾರನಿಗೂ ಹೊಸದುರ್ಗದ ಸೋಬಾನೆ ಹೆಣ್ಣುಮಕ್ಕಳಿಗೂ ಮೈಕು ಕೊಡುವ ಕೇಂದ್ರವಾಗಿ ಇರಬೇಕೆಂದು ಒತ್ತಾಯಿಸುವುದಾದರೆ, ಖಾಸಗಿ ಹರಾಜಿನ ವಿರುದ್ಧ ಬರೆಯುವ ಪತ್ರಕ್ಕಿಂತ ಆ ಪತ್ರಕ್ಕೆ ಹೆಚ್ಚು ಬೆಲೆ. ಇನ್ನೊಂದು, ಸಮುದಾಯ ಬಾನುಲಿ. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗಷ್ಟೇ ಇದ್ದ ಈ ಅವಕಾಶವನ್ನು 2006ರಲ್ಲಿ ಲಾಭರಹಿತ ಸಂಘ ಸಂಸ್ಥೆಗಳಿಗೂ ವಿಸ್ತರಿಸಲಾಯಿತು. ಬೆಂಗಳೂರಿನಲ್ಲಿ 2007ರಿಂದ ನಡೆಯುತ್ತಿರುವ ರೇಡಿಯೋ ಆ್ಯಕ್ಟಿವ್ 90.4, ಚಿಂದಿ ಆಯುವವರನ್ನೂ ಲಿಂಗತ್ವ ಅಲ್ಪಸಂಖ್ಯಾತರನ್ನೂ ಮೈಕಿನ ಮುಂದೆ ಕೂರಿಸಿದೆ. ಅಷ್ಟು ಖಾಸಗಿ ವಾಹಿನಿಗಳ ನಡುವೆ ಪತ್ರಲೇಖಕರ ಕಿವಿಗೆ ಅದು ಬೀಳದೆ ಹೋಗಿರಬಹುದು. ಸಮುದಾಯ ಬಾನುಲಿಯ ಪ್ರಸಾರ ಶಕ್ತಿಯ ಮಿತಿ ಸಾಮಾನ್ಯವಾಗಿ 100 ವ್ಯಾಟ್, ವ್ಯಾಪ್ತಿ ಸುಮಾರು ಹತ್ತು ಕಿಲೋಮೀಟರ್. ಕೋಟೆಯ ಸುತ್ತಲಿನ ಊರಿಗೆ ಅಷ್ಟು ಸಾಕು, ಗುಡ್ಡಗಳು ಅಡ್ಡ ಬರದ ಜಾಗದಲ್ಲಿ ಕಂಬ ನಿಲ್ಲಿಸಿದರೆ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯವಾಗಿ ತಯಾರಾಗಿರಬೇಕು. ಜಾಹೀರಾತಿನ ಮಿತಿಯನ್ನು 2024ರಲ್ಲಿ ಗಂಟೆಗೆ ಏಳು ನಿಮಿಷದಿಂದ ಹನ್ನೆರಡಕ್ಕೆ ಏರಿಸಿದ್ದಾರೆ, ಆದರೂ ವಿದ್ಯುತ್ ಬಿಲ್ಲು ಮತ್ತು ಇಬ್ಬರ ಸಂಬಳ ಹುಟ್ಟುವುದು ಕಷ್ಟವೇ. ಹಾಗಾಗಿ ಗಮಕ ಸಂಘವೊಂದೇ ಇದಕ್ಕೆ ಇಳಿಯುವುದಕ್ಕಿಂತ, ಊರಿನ ಕಾಲೇಜೊಂದನ್ನು ಮುಂದಿಟ್ಟುಕೊಂಡು, ಜಾನಪದ ತಂಡಗಳನ್ನೂ ರೈತ ಸಂಘಗಳನ್ನೂ ಸೇರಿಸಿಕೊಂಡು ಅರ್ಜಿ ಹಾಕುವುದು ಮೇಲು. ಸಂಘದ ಹೆಸರಿನಲ್ಲೇ ಹಾಕುವುದಾದರೆ ಅದರ ನೋಂದಣಿಗೆ ಮೂರು ವರ್ಷ ತುಂಬಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಲಿ.

— ಸಂಪಾದಕ, ದಾವಣಗೆರೆ