ಎಐ ಏಜೆಂಟ್ ಮಾಡಿದ ಕೆಲಸಕ್ಕೆ ಲಾಗ್ ಸಾಕಾ, ಡಿಜಿಟಲ್ ಸಹಿ ಬೇಕಾ?

ನಿಮ್ಮ ಪ್ರಶ್ನೆ ಇದು: ಕಂಪನಿಯ ಎಐ ಏಜೆಂಟ್ (ತಾನಾಗಿಯೇ ಕೆಲಸ ಮಾಡುವ ಎಐ ಪ್ರೋಗ್ರಾಂ) ಡೇಟಾಬೇಸ್ ತಿದ್ದುತ್ತದೆ, ಕೋಡ್‌ನ ಬದಲಾವಣೆಗಳನ್ನು ಕಾಪಾಡುವ ಗಿಟ್‌ಗೆ ಕೋಡ್ ಹಾಕುತ್ತದೆ. ಮುಂದೊಂದು ದಿನ ಆಡಿಟ್‌ನವರು ಬಂದು "ಇದನ್ನು ಮಾಡಿಸಿದ್ದು ಯಾರು?" ಎಂದರೆ ಲಾಗ್ (ನಡೆದ ಕೆಲಸಗಳ ಪಟ್ಟಿ ಇರುವ ಫೈಲ್) ತೋರಿಸಿದರೆ ಸಾಕಾ, ಇಲ್ಲಾ ಪ್ರತಿ ಕೆಲಸಕ್ಕೂ ಡಿಜಿಟಲ್ ಸಹಿ ಬೇಕಾ?

ಸಹಿ ಬೇಕು. ಲಾಗ್ ಫೈಲನ್ನು ಅಡ್ಮಿನ್ ತಿದ್ದಬಹುದು. ಶೆಲ್ (ಕಂಪ್ಯೂಟರಿಗೆ ನೇರವಾಗಿ ಆದೇಶ ಕೊಡುವ ಸೌಲಭ್ಯ) ಕೊಟ್ಟಿದ್ದರೆ ಏಜೆಂಟೇ ತಿದ್ದಬಹುದು. ಆದರೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಸಹಿ ಹಾಕುವ ಕೀ (ಗುಟ್ಟಿನ ಸಂಖ್ಯೆ) ಏಜೆಂಟ್ ಕೈಗೆ ಸಿಗಬಾರದು. ಏಜೆಂಟ್ ತಾನು ಓದುವ ಯಾವುದೋ ಇಮೇಲ್‌ನಲ್ಲಿ ಯಾರೋ ಅಡಗಿಸಿಟ್ಟ ಸಾಲನ್ನೇ ಅಪ್ಪಣೆ ಎಂದು ನಂಬಿಬಿಡಬಹುದು. ಪ್ರಾಂಪ್ಟ್ ಇಂಜೆಕ್ಷನ್ ಅನ್ನುವುದು ಇದನ್ನೇ. ಕೀ ಅದರ ಬಳಿಯೇ ಇದ್ದರೆ ಸುಳ್ಳು ದಾಖಲೆಗೂ ಅಸಲಿ ಸಹಿ ಬೀಳುತ್ತದೆ. ಇದು ಬರೀ ಲಾಗ್‌ಗಿಂತ ಅಪಾಯ, ಯಾಕೆಂದರೆ ಸಹಿ ನೋಡಿದವರು ಮತ್ತೆ ಪ್ರಶ್ನೆ ಕೇಳುವುದಿಲ್ಲ.

ಹಾಗಾಗಿ ಏಜೆಂಟ್‌ಗೂ ಟೂಲ್‌ಗಳಿಗೂ ನಡುವೆ ಒಂದು ಗೇಟ್‌ವೇ, ಅಂದರೆ ಬಾಗಿಲು ಕಾಯುವ ಪ್ರೋಗ್ರಾಂ, ಇಡಿ. ಎಂಸಿಪಿ (ಏಜೆಂಟನ್ನು ಟೂಲ್‌ಗಳಿಗೆ ಜೋಡಿಸುವ ಪದ್ಧತಿ) ಬಳಸುತ್ತಿದ್ದರೆ ಅದರ ಸರ್ವರ್‌ಗಳ ಮುಂದೆ ಒಂದು ಪ್ರಾಕ್ಸಿ (ಮಧ್ಯವರ್ತಿ ಸರ್ವರ್) ಕೂರಿಸಿದರಾಯಿತು. ಪ್ರತಿ ಕರೆ ಅದರ ಮೂಲಕವೇ ಹೋಗಲಿ, ತಾನು ಕಣ್ಣಾರೆ ಕಂಡದ್ದಕ್ಕೆ ಮಾತ್ರ ಅದು ಸಹಿ ಹಾಕಲಿ. ಕೆಲಸಕ್ಕೆ ಮುಂಚೆ ಒಂದು ದಾಖಲೆ, ಮುಗಿದ ಮೇಲೆ ಇನ್ನೊಂದು. ನಡುವೆ ಸರ್ವರ್ ಬಿದ್ದರೂ ಕೆಲಸ ಶುರುವಾಗಿತ್ತು ಅನ್ನುವುದಾದರೂ ತಿಳಿಯುತ್ತದೆ.

ದಾಖಲೆಯಲ್ಲಿ ಏಜೆಂಟ್, ಮಾಡೆಲ್‌ನ ಆವೃತ್ತಿ, ಟೂಲ್, ಕೊಟ್ಟ ಮಾಹಿತಿ, ಬಂದ ಉತ್ತರ, ಸಮಯ ಇರಲೇಬೇಕು. ಎಲ್ಲಕ್ಕಿಂತ ಮುಖ್ಯ, ಯಾರ ಪರವಾಗಿ ಮಾಡಿತು ಅನ್ನುವುದು. ಅದನ್ನು ಏಜೆಂಟ್ ಹೇಳಿದ್ದು ಅಂತ ಸುಮ್ನೆ ಬರೆದುಕೊಳ್ಳಬೇಡಿ. ಮನುಷ್ಯನ ಲಾಗಿನ್ ಟೋಕನ್ನನ್ನು (ಲಾಗಿನ್ ಆದಾಗ ಸಿಗುವ ಡಿಜಿಟಲ್ ಗುರುತುಚೀಟಿ) ಗೇಟ್‌ವೇ ತಾನೇ ಪರಿಶೀಲಿಸಬೇಕು. 2020ರ ಆರ್‌ಎಫ್‌ಸಿ 8693ರಲ್ಲಿ (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ ಮಾನದಂಡಗಳ ದಾಖಲೆ) ಒಂದೇ ಟೋಕನ್‌ನೊಳಗೆ "ಇದು ಇಂಥವರದ್ದು, ಆದರೆ ಈಗ ಕೆಲಸ ಮಾಡುತ್ತಿರುವುದು ಇಂಥದ್ದು" ಎಂದು ಬೇರೆ ಬೇರೆಯಾಗಿ ಬರೆಯಲು ಜಾಗವಿದೆ. ಅದನ್ನೇ ಬಳಸಿ. ಏಜೆಂಟ್‌ಗೆ ನೌಕರರ ಸ್ವಂತ ಪಾಸ್‌ವರ್ಡ್ ಕೊಟ್ಟುಬಿಟ್ಟರೆ ಆಮೇಲೆ ಮನುಷ್ಯ ಯಾರು, ಏಜೆಂಟ್ ಯಾವುದು ಎಂದು ಬಿಡಿಸಲು ಯಾವ ಸಹಿಯಿಂದಲೂ ಆಗುವುದಿಲ್ಲ. ಮಾಡದ ಕೆಲಸದ ಹೊಣೆ ಪಾಪ ಆ ನೌಕರರ ತಲೆಗೆ ಬರುತ್ತದೆ. ನನಗೆ ಜಾಸ್ತಿ ಚಿಂತೆ ಇರುವುದು ಇದೇ.

ಸಹಿಗೆ ಎಡ್25519 ಎಂಬ ವಿಧಾನ ಸಾಕು. ಸಹಿ ಪರಿಶೀಲಿಸಲು ಎಲ್ಲರಿಗೂ ಕೊಡುವ ಪಬ್ಲಿಕ್ ಕೀ 32 ಬೈಟ್, ಸಹಿ 64 ಬೈಟ್, ವೇಗವೂ ಚೆನ್ನಾಗಿದೆ.

ತೊಂದರೆ ಬರುವುದು ದಾಖಲೆಯನ್ನು ಅಕ್ಷರಗಳಲ್ಲಿ ಬರೆದಿಡುವ ಜೇಸನ್ ರೂಪದಲ್ಲಿ. ಏನೂ ಹೇಳದಿದ್ದರೆ ಪೈಥಾನ್ ಪ್ರತಿ ಕಾಮಾ ಆದ ಮೇಲೆ ಒಂದು ಸ್ಪೇಸ್ ಬಿಡುತ್ತದೆ, ಜಾವಾಸ್ಕ್ರಿಪ್ಟ್ ಬಿಡುವುದಿಲ್ಲ. ಕನ್ನಡ ಅಕ್ಷರಗಳನ್ನು ಪೈಥಾನ್ ಎಸ್ಕೇಪ್ ಕೋಡ್ ಮಾಡಿ ಬರೆಯುತ್ತದೆ, ಜಾವಾಸ್ಕ್ರಿಪ್ಟ್ ಹಾಗೇ ಇಡುತ್ತದೆ. ಒಂದು ಬೈಟ್ ಬದಲಾದರೂ ಸಹಿ ತಾಳೆಯಾಗುವುದಿಲ್ಲ. ಜೇಸನ್ ಅನ್ನು ಎಲ್ಲರೂ ಒಂದೇ ರೀತಿ ಬರೆಯಲೆಂದೇ ಆರ್‌ಎಫ್‌ಸಿ 8785 ಇದೆ, ಆದರೆ ಅದು ಯೂನಿಕೋಡ್ ವ್ಯತ್ಯಾಸವನ್ನು ಮುಟ್ಟುವುದಿಲ್ಲ. "ಕೋಲಾರ"ದ ಮೊದಲ ಅಕ್ಷರದ ಓಕಾರವನ್ನೇ ನೋಡಿ. ಅದನ್ನು ಒಂದೇ ಕೋಡ್ ಆಗಿ ಬರೆಯಬಹುದು, ಮೂರು ಕೋಡ್‌ಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯುಟಿಎಫ್-8ರಲ್ಲಿ ಒಂದು 3 ಬೈಟ್, ಇನ್ನೊಂದು 9 ಬೈಟ್. ಅದಕ್ಕೇ ನನ್ನ ಸಲಹೆ: ಯಾವ ಬೈಟ್‌ಗಳಿಗೆ ಸಹಿ ಬಿತ್ತೋ ಅವನ್ನೇ ಹಾಗೇ ಎತ್ತಿಡಿ. ಪರಿಶೀಲಿಸುವಾಗ ಜೇಸನ್ ಅನ್ನು ಹೊಸದಾಗಿ ಕಟ್ಟಲು ಹೋಗಬೇಡಿ.

ಪ್ರತಿ ದಾಖಲೆಯಲ್ಲೂ ಅದರ ಹಿಂದಿನದರ ಹ್ಯಾಶ್ (ವಿಷಯದಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಖ್ಯೆ) ಸೇರಿಸಿ. ಆಗ ನಡುವಿನದನ್ನು ಯಾರಾದರೂ ಕಿತ್ತರೆ ಸರಪಳಿ ತುಂಡಾಗಿರುವುದು ಕಾಣುತ್ತದೆ. ಆದರೆ ಕೊನೆಯ ಹತ್ತು ದಾಖಲೆಗಳನ್ನು ಅಳಿಸಿದರೆ? ಉಳಿದ ಸರಪಳಿ ಸರಿಯಾಗೇ ಕಾಣುತ್ತದೆ, ಅಲ್ವಾ? ಆದ್ದರಿಂದ ತುದಿಯ ಹ್ಯಾಶ್ ಆಗಾಗ ನಿಮ್ಮ ಕೈ ಮೀರಿದ ಜಾಗಕ್ಕೆ ಹೋಗಬೇಕು. ಈ ವಿಚಾರವನ್ನು 1991ರಲ್ಲೇ ಸ್ಟುವರ್ಟ್ ಹೇಬರ್, ಸ್ಕಾಟ್ ಸ್ಟಾರ್ನೆಟ್ಟಾ ಬರೆದಿದ್ದರು. 1995ರಿಂದ ಅವರ ಕಂಪನಿ ಶೂರಿಟಿ ಹ್ಯಾಶ್‌ಗಳನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲೇ ಅಚ್ಚು ಹಾಕಿಸುತ್ತಿತ್ತು. ನೀವು ಆರ್‌ಎಫ್‌ಸಿ 3161ರ ಟೈಮ್‌ಸ್ಟಾಂಪ್ ಸೇವೆ ಬಳಸಬಹುದು. ಆದರೆ ದಾಖಲೆಯಲ್ಲಿ ಗ್ರಾಹಕರ ಮೊಬೈಲ್ ನಂಬರ್ ಇದ್ದರೆ ಅದನ್ನು ಬರೀ ಹ್ಯಾಶ್ ಮಾಡಿ ಹೊರಗೆ ಬಿಡಬೇಡಿ. ಹತ್ತು ಅಂಕಿಯ ಎಲ್ಲ ನಂಬರ್‌ಗಳನ್ನೂ ಹ್ಯಾಶ್ ಮಾಡಿ ಹೋಲಿಸುವುದು ಒಳ್ಳೆಯ ಕಂಪ್ಯೂಟರ್‌ಗೆ ಕೆಲವೇ ನಿಮಿಷದ ಕೆಲಸ. ಗುಟ್ಟಿನ ಕೀ ಸೇರಿಸಿ ಮಾಡುವ ಹ್ಯಾಶ್, ಅಂದರೆ ಎಚ್‌ಮ್ಯಾಕ್, ಬಳಸಿ.

ಕಾನೂನಿನ ಮಟ್ಟಿಗೆ ಇಷ್ಟು: ನೀವೇ ಮಾಡಿಕೊಂಡ ಕೀ 2000ದ ಐಟಿ ಕಾಯ್ದೆ ಹೇಳುವ ಡಿಜಿಟಲ್ ಸಹಿ ಆಗುವುದಿಲ್ಲ. ಅದಕ್ಕೆ ಲೈಸೆನ್ಸ್ ಇರುವ ಸಂಸ್ಥೆಯ ಸರ್ಟಿಫಿಕೇಟ್ ಬೇಕು. ಕೋರ್ಟಿಗೆ ಹೋಗುವ ಸಾಧ್ಯತೆ ಇದ್ದರೆ ವಕೀಲರನ್ನು ಮೊದಲೇ ಕೇಳಿ.

ಶುರು ಮಾಡಲು ಗಿಟ್ ಸುಲಭ. ಅದರಲ್ಲಿ ದಾಖಲಾಗುವ ಪ್ರತಿ ಬದಲಾವಣೆಗೆ ಕಮಿಟ್ ಎನ್ನುತ್ತಾರೆ. ಕಮಿಟ್‌ನ ಲೇಖಕರ ಹೆಸರು ಬರೀ ಅಕ್ಷರ, ಯಾರ ಹೆಸರನ್ನಾದರೂ ಬರೆಯಬಹುದು. ಗಿಟ್‌ನ 2021ರ 2.34 ಆವೃತ್ತಿಯಿಂದ ಎಸ್‌ಎಸ್‌ಎಚ್ ಕೀಯಲ್ಲೇ (ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಕೀ) ಕಮಿಟ್‌ಗೆ ಸಹಿ ಹಾಕಬಹುದು. ಏಜೆಂಟ್ ಹೆಸರಲ್ಲಿ ಬೇರೆಯೇ ಕೀ ಮಾಡಿ, ಅದನ್ನು ಗೇಟ್‌ವೇಯಲ್ಲಿಡಿ. ಆ ಸಹಿ ಇಲ್ಲದ ಏಜೆಂಟ್ ಕಮಿಟ್ ಮುಖ್ಯ ಬ್ರಾಂಚ್‌ಗೆ ಸೇರದಂತೆ ನಿಯಮ ಹಾಕಿ.