ರಷ್ಯಾದ ಅನಧಿಕೃತ ಕಲೆ: ಆ ಹೆಣ್ಣುಮಕ್ಕಳು ಬರೀ ಹೆಂಡತಿಯರಾಗಿದ್ದರೇ?

ಪ್ರಶ್ನೆ: ಅಪ್ಪ ತರಿಸುತ್ತಿದ್ದ ಸೋವಿಯತ್ ಪತ್ರಿಕೆಗಳಲ್ಲಿ ಟ್ರ್ಯಾಕ್ಟರ್ ಮೇಲೆ ಕೂತು ನಗುವ ಹೆಂಗಸರನ್ನು ನೋಡುತ್ತ ಬೆಳೆದವಳು ನಾನು. ಅದೇ ಕಾಲದಲ್ಲಿ ಸರ್ಕಾರಕ್ಕೆ ಬೇಡವಾದ ಚಿತ್ರ ಬರೆಯುವವರೂ ಅಲ್ಲಿದ್ದರೆಂದು ಈಚೆಗೆ ಓದಿದೆ. ಆದರೆ ಸಿಕ್ಕ ಹೆಸರುಗಳೆಲ್ಲ ಗಂಡಸರವು. ಹೆಂಗಸರು ಕಲಾವಿದರ ಹೆಂಡತಿಯರಾಗಿ ಮಾತ್ರ ಇದ್ದರೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಹೆಂಡತಿಯರಾಗಿಯೂ ಇದ್ದರು, ತಾಯಿ ಮಗಳಾಗಿಯೂ ಇದ್ದರು. ಚರಿತ್ರೆ ಬರೆದವರು ಆ ಸಂಬಂಧವನ್ನು ದಾಖಲಿಸಿ, ಅವರ ಕೆಲಸ ನೋಡುವುದನ್ನು ಬಹುಕಾಲ ಮರೆತರು. ಅನ್ಯಾಯ ಆಗಿದ್ದು ಅಲ್ಲಿ.

1932ರಲ್ಲಿ ಆಳುತ್ತಿದ್ದ ಕಮ್ಯುನಿಸ್ಟ್ ಪಕ್ಷದ ಆದೇಶದ ಮೇಲೆ ಕಲಾವಿದರ ಸ್ವತಂತ್ರ ಗುಂಪುಗಳೆಲ್ಲ ರದ್ದಾದವು. ಮುಂದೆ ಸ್ಟುಡಿಯೋ, ಪ್ರದರ್ಶನ, ಸರ್ಕಾರಿ ಕೆಲಸ ಎಲ್ಲವೂ ಅಧಿಕೃತ ಸಂಘದ ಮೂಲಕವೇ ಸಿಗಬೇಕಾಯಿತು. ಸಂಘಕ್ಕೆ ಒಪ್ಪಿಗೆಯಾಗದ ಚಿತ್ರಕ್ಕೆ ಉಳಿದ ಜಾಗವೆಂದರೆ ಮನೆ. ಮಾಸ್ಕೋದ ಅಂಚಿನ ಲಿಯಾನೊಜೊವೊದಲ್ಲಿ ಆಸ್ಕರ್ ರಾಬಿನ್ ಮತ್ತು ವ್ಯಾಲೆಂಟಿನಾ ಕ್ರೊಪಿವ್ನಿಟ್ಸ್ಕಾಯಾ ದಂಪತಿ ಇದ್ದದ್ದು ಮರದ ಬ್ಯಾರಕ್ಕಿನ ಒಂದು ಕೋಣೆಯಲ್ಲಿ. ಭಾನುವಾರ ಅಲ್ಲಿಗೆ ಜನ ಚಿತ್ರ ನೋಡಲು, ಕವಿತೆ ಕೇಳಲು ಬರುತ್ತಿದ್ದರು. ರಾಬಿನ್ ಹೆಸರು ಜಗತ್ತಿಗೆ ಗೊತ್ತು. ಅದೇ ಮನೆಯಲ್ಲಿ ವ್ಯಾಲೆಂಟಿನಾ ಪೆನ್ಸಿಲ್ ಹಿಡಿದು ಅರ್ಧ ಪ್ರಾಣಿ, ಅರ್ಧ ಮನುಷ್ಯರಂಥ ಜೀವಿಗಳ, ಕೆರೆ–ಕಾಡುಗಳ ಲೋಕವೊಂದನ್ನು ಕಟ್ಟುತ್ತಿದ್ದರು. ಅವರ ತಾಯಿ ಓಲ್ಗಾ ಪೊಟಪೋವಾ ಹುಟ್ಟಿದ್ದು 1892ರಲ್ಲಿ. ಅಮೂರ್ತ ಚಿತ್ರಗಳತ್ತ ಹೊರಳಿದ್ದು ಅರವತ್ತು ದಾಟಿದ ಮೇಲೆ.

ಆ ಗುಂಪಿನಲ್ಲಿ ನನಗೆ ಎಲ್ಲರಿಗಿಂತ ದೊಡ್ಡವರಾಗಿ ಕಾಣುವವರು ಲಿಡಿಯಾ ಮಾಸ್ಟರ್ಕೋವಾ (1927–2008). ಹಳೆಯ ಲೇಸು, ಚರ್ಚಿನ ಜರತಾರಿ ಬಟ್ಟೆಯ ತುಂಡುಗಳನ್ನು ಅವರು ಕ್ಯಾನ್ವಾಸಿಗೆ ಅಂಟಿಸಿ, ಸುತ್ತ ದಟ್ಟ ಬಣ್ಣ ಮೆತ್ತುತ್ತಿದ್ದರು. ದೇವರನ್ನು ಅಧಿಕೃತವಾಗಿ ಹೊರಹಾಕಿದ ದೇಶದಲ್ಲಿ ಪಾದ್ರಿಗಳ ನಿಲುವಂಗಿಯ ಚೂರು ಚಿತ್ರದ ನಟ್ಟನಡುವೆ ಬಂದು ಕೂರುವುದು ಸಣ್ಣ ಮಾತಲ್ಲ. ಅದನ್ನು ಕಸೂತಿ ಎಂದು ತಳ್ಳಿಹಾಕುವಂತಿಲ್ಲ. ಆ ಚಿತ್ರಗಳಿಗೆ ಗೋಡೆಯ ಗಟ್ಟಿತನವಿದೆ. ಲ್ಯುಬೋವ್ ಪೊಪೋವಾ, ಓಲ್ಗಾ ರೋಜನೋವಾರಂಥ ಕ್ರಾಂತಿಕಾಲದ ಕಲಾವಿದೆಯರ ಕೊಂಡಿ ನಡುವೆ ತುಂಡಾಗಿತ್ತು. ಅದನ್ನು ಮತ್ತೆ ಬೆಸೆದವರು ಇವರು ಎಂಬುದು ನನ್ನ ಅಭಿಪ್ರಾಯ.

1974ರ ಸೆಪ್ಟೆಂಬರ್ 15ರಂದು ಮಾಸ್ಕೋದ ಬೆಲ್ಯಾಯೆವೊ ಬಯಲಿನಲ್ಲಿ ಪ್ರದರ್ಶನಕ್ಕೆಂದು ಚಿತ್ರ ಹಿಡಿದು ನಿಂತವರಲ್ಲಿ ಮಾಸ್ಟರ್ಕೋವಾ ಇದ್ದರು, ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವರಾದ ನಾಡೆಜ್ಡಾ ಎಲ್ಸ್ಕಾಯಾ ಕೂಡ. ಸರ್ಕಾರ ಅವರ ಮೇಲೆ ಬುಲ್ಡೋಜರ್ ಬಿಟ್ಟಿತು, ನೀರಿನ ಲಾರಿ ಹಾಯಿಸಿತು. ವಿದೇಶಿ ಪತ್ರಕರ್ತರಿಗೂ ಪೆಟ್ಟು ಬಿದ್ದು ಜಗತ್ತಿಡೀ ಸುದ್ದಿಯಾಯಿತು. ಎರಡು ವಾರಕ್ಕೆ ಇಜ್ಮೈಲೊವೊ ಉದ್ಯಾನದಲ್ಲಿ ನಾಲ್ಕು ಗಂಟೆಯ ಪ್ರದರ್ಶನಕ್ಕೆ ಅನುಮತಿ ಕೊಡಲೇಬೇಕಾಯಿತು. ಮರುವರ್ಷ ಮಾಸ್ಟರ್ಕೋವಾ ದೇಶ ಬಿಟ್ಟರು, ಫ್ರಾನ್ಸಿನಲ್ಲಿ ನೆಲೆಸಿದರು.

ಮುಂದಿನ ತಲೆಮಾರಿನವರು ಕ್ಯಾನ್ವಾಸನ್ನೇ ಬಿಟ್ಟರು. ರಿಮ್ಮಾ ಗೆರ್ಲೋವಿನಾ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪೆಟ್ಟಿಗೆಗಳನ್ನು ಮಾಡಿ, ಮೇಲೊಂದು ಒಳಗೊಂದು ಮಾತು ಬರೆದರು. ಒಂದರ ಮೇಲಿನ ಮಾತಿನ ಸಾರ ಇಷ್ಟು: ಒಳಗೆ ಆತ್ಮವಿದೆ, ತೆರೆದರೆ ಹಾರಿಹೋದೀತು. ಐರಿನಾ ನಾಖೋವಾ 1983ರಲ್ಲಿ ತಮ್ಮ ಫ್ಲ್ಯಾಟಿನ ಒಂದು ಕೋಣೆಯ ಸಾಮಾನೆಲ್ಲ ಹೊರಗಿಟ್ಟು, ಗೋಡೆ, ಚಾವಣಿ, ನೆಲಕ್ಕೆಲ್ಲ ಕಾಗದ ಅಂಟಿಸಿ, ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳನ್ನು ಅದರ ಮೇಲೆ ಹರಡಿದರು. ಒಳಗೆ ಕಾಲಿಟ್ಟವರಿಗೆ ಮೂಲೆ ಎಲ್ಲಿ, ನೆಲ ಎಲ್ಲಿ ಎಂಬುದೇ ತಿಳಿಯದು. ಮುಂದಿನ ವರ್ಷಗಳಲ್ಲಿ ಅದೇ ಮನೆಯಲ್ಲಿ ಇಂಥ ಇನ್ನಷ್ಟು ‘ಕೋಣೆ’ಗಳನ್ನು ಮಾಡಿದರು. ನೋಡುಗ ಒಳಹೊಕ್ಕು ಅನುಭವಿಸುವ ಇಂಥ ಇನ್‌ಸ್ಟಲೇಷನ್ ಎಂದರೆ ಇಂದಿಗೂ ಎಲ್ಲರೂ ಇಲ್ಯಾ ಕಬಕೋವ್ ಹೆಸರು ಹೇಳುತ್ತಾರೆ. ಅವರು ಮಾಸ್ಕೋದಲ್ಲಿ ಮಾಡಿದ ಪ್ರಸಿದ್ಧ ಕೋಣೆ 1985ರದ್ದು, ನಾಖೋವಾ ಮಾಡಿ ಎರಡು ವರ್ಷದ ನಂತರದ್ದು. ಈ ಇಸವಿಗಳನ್ನು ದಯವಿಟ್ಟು ನೆನಪಿಡಿ. ಇಟಲಿಯ ಅಂತರರಾಷ್ಟ್ರೀಯ ಕಲಾಮೇಳವಾದ ವೆನಿಸ್ ಬಿನಾಲೆಯ ರಷ್ಯಾ ಮಂಟಪದಲ್ಲಿ ಏಕವ್ಯಕ್ತಿ ಪ್ರದರ್ಶನದ ಅವಕಾಶ ಒಬ್ಬ ಮಹಿಳೆಗೆ ಮೊದಲು ಸಿಕ್ಕಿದ್ದು 2015ರಲ್ಲಿ, ಆ ಮಹಿಳೆ ನಾಖೋವಾ.

ಪ್ರಶ್ನೆ: ಸೋವಿಯತ್ ಒಕ್ಕೂಟವೇ ಹೋದ ಮೇಲೆ ‘ಅನಧಿಕೃತ’ ಎಂಬುದಕ್ಕೆ ಅರ್ಥವಿದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಇದೆ. ಸಂಘದ ಸದಸ್ಯತ್ವದ ಪ್ರಶ್ನೆ ಹೋಯಿತು, ಕೋರ್ಟು ಉಳಿಯಿತು. ಸೋವಿಯತ್ ಕಾಲಕ್ಕೂ ಮೊದಲು, 1910ರಲ್ಲಿ, ಕಲಾವಿದೆ ನಟಾಲಿಯಾ ಗೊಂಚರೋವಾ ಬರೆದ ನಗ್ನಚಿತ್ರಗಳನ್ನು ಪೊಲೀಸರು ಎತ್ತಿಕೊಂಡು ಹೋಗಿ ಅಶ್ಲೀಲತೆಯ ಮೊಕದ್ದಮೆ ಹೂಡಿದ್ದರು, ಅವರು ಖುಲಾಸೆಯಾದರು. ನೂರು ವರ್ಷ ಕಳೆದ ಮೇಲೆ ಯೂಲಿಯಾ ತ್ಸ್ವೆಟ್ಕೋವಾ ಎಂಬ ಕಲಾವಿದೆಯ ಮೇಲೆ, ಹೆಣ್ಣಿನ ದೇಹದ ಚಿತ್ರಗಳಿಗಾಗಿಯೇ, ಅದೇ ಆರೋಪ ಬಂತು. 2019ರಲ್ಲಿ ಗೃಹಬಂಧನ, 2022ರಲ್ಲಿ ಖುಲಾಸೆ. ಅದೇ 2022ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಸಾಶಾ ಸ್ಕೊಚಿಲೆಂಕೊ ಸೂಪರ್‌ಮಾರ್ಕೆಟ್ಟಿನ ಬೆಲೆಚೀಟಿಗಳ ಜಾಗದಲ್ಲಿ ಉಕ್ರೇನ್ ಯುದ್ಧದ ವಿಷಯ ಬರೆದ ಚೀಟಿ ಇಟ್ಟರು. ಅಷ್ಟಕ್ಕೇ ಏಳು ವರ್ಷದ ಶಿಕ್ಷೆಯಾಯಿತು. 2024ರ ಆಗಸ್ಟ್‌ನಲ್ಲಿ ಕೈದಿಗಳ ವಿನಿಮಯದಲ್ಲಿ ಹೊರಬಂದರು.

ಪ್ರಶ್ನೆ: ಇವರ ಕೃತಿಗಳನ್ನು ಕಣ್ಣಾರೆ ನೋಡಬಹುದೇ?
– ಓದುಗರೊಬ್ಬರು, ಎಡಿಸನ್, ನ್ಯೂಜೆರ್ಸಿ

ಉತ್ತರ: ನೀವು ಪುಣ್ಯವಂತರು! ಪಕ್ಕದ ನ್ಯೂ ಬ್ರನ್ಸ್‌ವಿಕ್‌ನಲ್ಲೇ ರಟ್ಗರ್ಸ್ ವಿಶ್ವವಿದ್ಯಾಲಯದ ಜಿಮ್ಮರ್ಲಿ ಮ್ಯೂಸಿಯಂ ಇದೆ. ಅರ್ಥಶಾಸ್ತ್ರಜ್ಞ ನಾರ್ಟನ್ ಡಾಡ್ಜ್ ಸೋವಿಯತ್ ದೇಶದಿಂದ ಕೂಡಿಹಾಕಿದ ಸಾವಿರಾರು ಕೃತಿಗಳು ಅಲ್ಲಿವೆ. ಮಾಸ್ಟರ್ಕೋವಾ, ಗೆರ್ಲೋವಿನಾ, ನಾಖೋವಾ ಮೂವರೂ ಸಿಗುತ್ತಾರೆ. ಎಲ್ಲವೂ ಒಂದೇ ಸಲ ಗೋಡೆಯ ಮೇಲಿರುವುದಿಲ್ಲ, ಆದ್ದರಿಂದ ಏನು ಪ್ರದರ್ಶನದಲ್ಲಿದೆ ಎಂದು ಮೊದಲೇ ವಿಚಾರಿಸಿ. ಮಾಸ್ಟರ್ಕೋವಾ ಕ್ಯಾನ್ವಾಸ್ ಕಂಡರೆ ಒಂದು ಬದಿಯಿಂದಲೂ ನೋಡಿ. ಬಟ್ಟೆಯ ನೆರಿಗೆ, ಬಣ್ಣದ ದಪ್ಪ ಫೋಟೊದಲ್ಲಿ ಬರುವುದೇ ಇಲ್ಲ.