ಏವಿಯಾನಿಕ್ಸ್ ಪಾಠ, ಕಾಲೇಜಿನ ಬೆಂಚು: ಓದುಗರ ಪ್ರಶ್ನೆಗಳಿಗೆ ಉತ್ತರ

ವಿಮಾನದ ವಿದ್ಯುತ್ ವ್ಯವಸ್ಥೆ ಮತ್ತು ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಾನಿಕ್ಸ್) ಕಲಿಸುವವರಿಂದ, ಕಲಿಯುವವರಿಂದ ಬಂದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಲ್ಯಾಬಿನಲ್ಲಿ ದುಬಾರಿ ಸಲಕರಣೆ ಇಲ್ಲ ಎಂಬ ಕೊರಗು ಹೆಚ್ಚಿನ ಪತ್ರಗಳಲ್ಲಿದೆ. ಹಾಗಾಗಿ ಸಾಮಾನ್ಯ ಲ್ಯಾಬಿನಲ್ಲಿ ಮಾಡಬಹುದಾದದ್ದನ್ನೇ ಬರೆದಿದ್ದೇವೆ.

ವಿಮಾನದಲ್ಲಿ 115 ವೋಲ್ಟ್, 400 ಹರ್ಟ್ಜ್ ಏಕೆ ಎಂದು ಕೇಳಿದರೆ ಮಕ್ಕಳು ‘ತೂಕ ಕಡಿಮೆ ಆಗುತ್ತದೆ’ ಎಂದಷ್ಟೇ ಬರೆಯುತ್ತಾರೆ. ನಮ್ಮಲ್ಲಿ 400 ಹರ್ಟ್ಜ್ ಸಪ್ಲೈ ಇಲ್ಲ. ಇದನ್ನು ತೋರಿಸುವ ದಾರಿ ಇದೆಯೇ?
— ಉಪನ್ಯಾಸಕಿ, ಹುಬ್ಬಳ್ಳಿ

ಖಂಡಿತ ಇದೆ. 400 ಹರ್ಟ್ಜ್ ಎನ್ನುವುದು ಕಿವಿಗೆ ಕೇಳುವ ಆವರ್ತನ. ಆದ್ದರಿಂದ ಸಾಧಾರಣ ಆಡಿಯೋ ಆಂಪ್ಲಿಫೈಯರೇ ನಿಮ್ಮ 400 ಹರ್ಟ್ಜ್ ಸಪ್ಲೈ ಆಗುತ್ತದೆ. ಬೇಕಾದದ್ದು ಇಷ್ಟು: ಫಂಕ್ಷನ್ ಜನರೇಟರ್, ಹೀಟ್‌ಸಿಂಕ್ ಇರುವ ಟಿಡಿಎ 2030 ಆಂಪ್ಲಿಫೈಯರ್ ಬೋರ್ಡ್ (24 ವೋಲ್ಟ್ ಸಿಂಗಲ್ ಸಪ್ಲೈಯದು, ಔಟ್‌ಪುಟ್‌ನಲ್ಲಿ 2200 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ), 230/12 ವೋಲ್ಟ್, 1 ಆಂಪಿಯರ್‌ನ ಒಂದು ಟ್ರಾನ್ಸ್‌ಫಾರ್ಮರ್, 1 ಓಮ್ 5 ವ್ಯಾಟ್‌ನ ರೆಸಿಸ್ಟರ್, ಆಸಿಲೋಸ್ಕೋಪ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೋರ್ಡು, ಟ್ರಾನ್ಸ್‌ಫಾರ್ಮರು ಎರಡೂ ಸಿಗುತ್ತವೆ. ಔಟ್‌ಪುಟ್ ಕೆಪಾಸಿಟರ್ ಬೇಕೆನ್ನುವುದಕ್ಕೆ ಕಾರಣವಿದೆ. ಆಂಪ್ಲಿಫೈಯರ್‌ನಿಂದ ಸ್ವಲ್ಪ ಡಿಸಿ ಸೋರಿದರೂ ಕೋರ್ (ಸುರುಳಿಯೊಳಗಿನ ಕಬ್ಬಿಣ) ಒಂದೇ ಕಡೆಗೆ ಸ್ಯಾಚುರೇಟ್ ಆಗಿ, ಅಂದರೆ ಕಾಂತತೆ ಇನ್ನಷ್ಟು ಏರದಂತಾಗಿ, ಅಳತೆಯೆಲ್ಲ ಕೆಡುತ್ತದೆ.

ಆಂಪ್ಲಿಫೈಯರ್ ಔಟ್‌ಪುಟ್ಟನ್ನು 12 ವೋಲ್ಟಿನ ಸುರುಳಿಗೆ ಕೊಡಿ. 1 ಓಮ್ ರೆಸಿಸ್ಟರನ್ನು ಸುರುಳಿಗೂ ಗ್ರೌಂಡಿಗೂ ನಡುವೆ ಸೀರೀಸ್‌ನಲ್ಲಿ ಹಾಕಿ. ಆಗ ಸ್ಕೋಪಿನ ಗ್ರೌಂಡ್ ಕ್ಲಿಪ್ ನಿಶ್ಚಿಂತೆಯಾಗಿ ಗ್ರೌಂಡಿನಲ್ಲೇ ಕೂರುತ್ತದೆ, ಪರದೆಯ ಮೇಲಿನ ಮಿಲಿವೋಲ್ಟೇ ಮಿಲಿಆಂಪಿಯರ್ ಆಗುತ್ತದೆ. ಇಲ್ಲೊಂದು ಅಪಾಯವಿದೆ, ಪವರ್ ಕೊಡುವ ಮೊದಲೇ ನೋಡಿಕೊಳ್ಳಿ. 12 ವೋಲ್ಟಿನ ಕಡೆಗೆ 6 ವೋಲ್ಟ್ ಕೊಟ್ಟರೆ ಖಾಲಿ ಬಿಟ್ಟ 230 ವೋಲ್ಟಿನ ಕಡೆ 100ರಿಂದ 115 ವೋಲ್ಟ್ ಬರುತ್ತದೆ. ಆ ತುದಿಗಳನ್ನು ಮುಚ್ಚಿದ ಕನೆಕ್ಟರಿಗೆ ಹಾಕಿ, ಮೇಲೆ ಸ್ಲೀವ್ ತೊಡಿಸಿ.

ಈಗ ಸುರುಳಿಯ ಮೇಲೆ 6 ವೋಲ್ಟ್ ಆರ್‌ಎಂಎಸ್ ಉಳಿಸಿಕೊಂಡು 50, 100, 200, 400 ಹರ್ಟ್ಜ್‌ಗಳಲ್ಲಿ ಕರೆಂಟ್ ಅಳೆಯಲಿ. ಪ್ರತಿ ಸಲವೂ ವೋಲ್ಟೇಜನ್ನು ಮರಳಿ ಹೊಂದಿಸಬೇಕು. ಮಕ್ಕಳು ಮರೆಯುವುದು ಇದನ್ನೇ. ಕರೆಂಟ್ ಇಳಿಯುತ್ತಾ ಹೋಗುತ್ತದೆ. E = 4.44 f N Φ ಸೂತ್ರದಲ್ಲಿ (E ವೋಲ್ಟೇಜ್, f ಆವರ್ತನ, N ಸುರುಳಿಯ ಸುತ್ತುಗಳು, Φ ಫ್ಲಕ್ಸ್ ಅಂದರೆ ಕಾಂತ ಹರಿವು) f ಎಂಟು ಪಟ್ಟಾದರೆ ಅದೇ ವೋಲ್ಟೇಜಿಗೆ ಫ್ಲಕ್ಸ್ ಎಂಟನೇ ಒಂದು ಪಾಲು ಸಾಕು. ಹಾಗಾಗಿ ಕೋರಿನ ಕಬ್ಬಿಣವೂ ಕಡಿಮೆ ಸಾಕು. ಕರೆಂಟ್ ಮಾತ್ರ ಕರಾರುವಾಕ್ಕಾಗಿ ಎಂಟನೇ ಒಂದಕ್ಕೆ ಇಳಿಯುವುದಿಲ್ಲ. ಫ್ಲಕ್ಸ್ ತೀರಾ ಕಡಿಮೆಯಾದಾಗ ಕೋರಿನ ಪರ್ಮಿಯಬಿಲಿಟಿ (ಕಾಂತ ಹರಿವಿಗೆ ದಾರಿ ಕೊಡುವ ಗುಣ) ಇಳಿಯುತ್ತದೆ, ಕೋರ್ ನಷ್ಟಕ್ಕೆ ಬೇಕಾದ ಕರೆಂಟೂ ಅದೇ ಪ್ರಮಾಣದಲ್ಲಿ ತಗ್ಗುವುದಿಲ್ಲ. ಈ ವ್ಯತ್ಯಾಸವನ್ನು ರೆಕಾರ್ಡಿನಲ್ಲಿ ‘ದೋಷ’ ಎಂದು ಬರೆಸಬೇಡಿ, ಕಾರಣ ಬರೆಸಿ.

ಆಮೇಲೆ ಹಿಂದಕ್ಕೆ ಬನ್ನಿ: 40, 30, 25, 20 ಹರ್ಟ್ಜ್. 25ರ ಹೊತ್ತಿಗೆ ಫ್ಲಕ್ಸ್ 12 ವೋಲ್ಟ್ 50 ಹರ್ಟ್ಜ್‌ನಷ್ಟೇ ಆಗಿರುತ್ತದೆ. ಅಗ್ಗದ ಟ್ರಾನ್ಸ್‌ಫಾರ್ಮರ್‌ಗಳು ಅಲ್ಲೇ ಸ್ಯಾಚುರೇಶನ್ನಿನ ಅಂಚಿನಲ್ಲಿರುತ್ತವೆ. ಸೈನ್ ಅಲೆಯಂತಿದ್ದ ಕರೆಂಟ್ ಚೂಪು ಮೊನೆಗಳಾಗಿ ಏಳುವುದು ಪರದೆಯ ಮೇಲೆ ಕಾಣುತ್ತದೆ. 400 ಹರ್ಟ್ಜ್‌ನ ಸಲಕರಣೆಯನ್ನು ಅದೇ ವೋಲ್ಟೇಜಿನ 50 ಹರ್ಟ್ಜ್‌ಗೆ ಜೋಡಿಸಿದರೆ ಏಕೆ ಸುಡುತ್ತದೆ ಎನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಲು ಆಗದು.

ಹಾಗಿದ್ದರೆ 4000 ಹರ್ಟ್ಜ್ ಏಕಿಲ್ಲ ಎಂದು ಜಾಣ ಹುಡುಗಿಯೊಬ್ಬಳು ಕೇಳಿಯೇ ಕೇಳುತ್ತಾಳೆ. ವೈರಿನ ರಿಯಾಕ್ಟನ್ಸ್ 2πfL. 10 ಮೈಕ್ರೋಹೆನ್ರಿ ಇಂಡಕ್ಟನ್ಸ್ ಇರುವ ವೈರಿಗೆ 50 ಹರ್ಟ್ಜ್‌ನಲ್ಲಿ 3 ಮಿಲಿಓಮ್, 400ರಲ್ಲಿ 25, 4000ದಲ್ಲಿ 250. ಕೋರಿನ ನಷ್ಟವೂ ಏರುತ್ತದೆ. ಜನರೇಟರಿನ ವೇಗ 120f/P. 4 ಪೋಲಿಗೆ 400 ಹರ್ಟ್ಜ್ ಎಂದರೇ ನಿಮಿಷಕ್ಕೆ 12,000 ಸುತ್ತು. ಬೋಯಿಂಗ್ 787ರಲ್ಲಿ ಸ್ಥಿರ ಆವರ್ತನವನ್ನೇ ಬಿಟ್ಟು 235 ವೋಲ್ಟ್, 360ರಿಂದ 800 ಹರ್ಟ್ಜ್‌ವರೆಗೆ ಬದಲಾಗುವ ಸಪ್ಲೈ ಬಳಸಿದ್ದಾರೆ ಎಂಬುದನ್ನು ಇಲ್ಲಿಯೇ ಹೇಳಿದರೆ ಮುಂದಿನ ಪಾಠಕ್ಕೆ ದಾರಿಯಾಗುತ್ತದೆ.

ಇನ್ನೊಂದು ಎಚ್ಚರಿಕೆ: ಅಗ್ಗದ ಮಲ್ಟಿಮೀಟರುಗಳ ಎಸಿ ಅಳತೆ ಹೆಚ್ಚಾಗಿ 400 ಹರ್ಟ್ಜ್‌ವರೆಗೆ ಮಾತ್ರ ನಂಬಿಕೆಗೆ ಅರ್ಹ. ಮೊನೆಯ ಅಲೆಗಳಿಗಂತೂ ಅವು ತಪ್ಪನ್ನೇ ಹೇಳುತ್ತವೆ.

ಆರಿಂಕ್ 429 ಬಸ್ಸನ್ನು (ಏವಿಯಾನಿಕ್ಸ್ ಪೆಟ್ಟಿಗೆಗಳ ನಡುವೆ ಮಾಹಿತಿ ಒಯ್ಯುವ ಜೋಡಿ ತಂತಿಯ ವ್ಯವಸ್ಥೆ) ಬೋರ್ಡಿನ ಮೇಲೆ ಚಿತ್ರ ಬರೆದು ಮುಗಿಸುತ್ತಿದ್ದೇವೆ. ಟ್ರೇನರ್ ಕಿಟ್ ಕೊಳ್ಳಲು ಹಣವಿಲ್ಲ.
— ಸಹಾಯಕ ಪ್ರಾಧ್ಯಾಪಕ, ಮಂಗಳೂರು

ಕಿಟ್ ಬರುವವರೆಗೆ ಕಾಯಬೇಡಿ, ಆರ್ಡುಯಿನೋ ಊನೋ ಒಂದಿದ್ದರೆ ಶುರು ಮಾಡಿ. 429ರ ನಿಧಾನ ಗತಿ ಸೆಕೆಂಡಿಗೆ 12.5 ಕಿಲೋಬಿಟ್. ಅಂದರೆ ಒಂದು ಬಿಟ್ಟಿಗೆ 80 ಮೈಕ್ರೋಸೆಕೆಂಡ್: ಮೊದಲ 40ರಲ್ಲಿ ಸಂಕೇತ, ಉಳಿದ 40ರಲ್ಲಿ ಸೊನ್ನೆಗೆ ವಾಪಸು. 8ನೇ ಪಿನ್ನನ್ನು ‘ಎ’ ತಂತಿ, 9ನೆಯದನ್ನು ‘ಬಿ’ ತಂತಿ ಎಂದು ಇಟ್ಟುಕೊಳ್ಳಿ. 1 ಕಳಿಸಲು ‘ಎ’ ಮೇಲೆ, 0 ಕಳಿಸಲು ‘ಬಿ’ ಮೇಲೆ, ನಡುವೆ ಎರಡೂ ಕೆಳಗೆ. ಡಿಜಿಟಲ್‌ರೈಟ್ ಆದೇಶ ತಾನೇ ಕೆಲವು ಮೈಕ್ರೋಸೆಕೆಂಡ್ ತಿನ್ನುವುದರಿಂದ ನೇರವಾಗಿ ಪೋರ್ಟ್-ಬಿ ರಿಜಿಸ್ಟರಿಗೆ ಬರೆಯಿರಿ. ಪದ (32 ಬಿಟ್‌ಗಳ ಒಂದು ಸಂದೇಶ) ಹೋಗುವಷ್ಟು ಹೊತ್ತು ಇಂಟರಪ್ಟ್ ನಿಲ್ಲಿಸಿ. ಇಲ್ಲದಿದ್ದರೆ ಒಳಗಿನ ಟೈಮರ್ ನಡುವೆ ನುಗ್ಗಿ ಯಾವುದೋ ಒಂದು ಬಿಟ್ಟನ್ನು ಹಿಗ್ಗಿಸುತ್ತದೆ. 32 ಬಿಟ್‌ಗೆ 2.56 ಮಿಲಿಸೆಕೆಂಡ್. ಪದಗಳ ನಡುವೆ ಕನಿಷ್ಠ 4 ಬಿಟ್‌ನಷ್ಟು ಬಿಡುವಿರಬೇಕು. ನೀವು 50 ಮಿಲಿಸೆಕೆಂಡಿಗೊಂದು ಪದ ಕಳಿಸಿ, ಸ್ಕೋಪಿನಲ್ಲಿ ಟ್ರಿಗರ್ ಹೋಲ್ಡಾಫ್ 5 ಮಿಲಿಸೆಕೆಂಡ್ ಇಡಿ. ಚಿತ್ರ ಅಲುಗಾಡದೆ ನಿಲ್ಲುತ್ತದೆ. ಚಾನೆಲ್ 1ರಿಂದ 2ನ್ನು ಕಳೆದು ನೋಡಿದರೆ ಮೂರು ಮಟ್ಟದ ನಿಜವಾದ ಅಲೆ ಸಿಗುತ್ತದೆ.

ಯಾವ ಪದ ಕಳಿಸುವುದು? ಒತ್ತಡ ಆಧಾರಿತ ಎತ್ತರದ ಲೇಬಲ್ 203, ಎತ್ತರ 10,000 ಅಡಿ ತೆಗೆದುಕೊಳ್ಳಿ. ಲೇಬಲ್ ಎಂದರೆ ಪದದಲ್ಲಿ ಯಾವ ಮಾಹಿತಿ ಇದೆ ಎಂದು ಹೇಳುವ ಮೊದಲ ಎಂಟು ಬಿಟ್. ಅದು ಆಕ್ಟಲ್‌ನಲ್ಲಿದೆ, ಬೈನರಿಯಲ್ಲಿ 10 000 011. 9, 10ನೇ ಬಿಟ್‌ಗಳು 00. ಈ ಲೇಬಲ್ಲಿನಲ್ಲಿ 12ನೇ ಬಿಟ್‌ಗೆ 1 ಅಡಿ ಬೆಲೆ, 28ನೆಯದಕ್ಕೆ 65,536 ಅಡಿ, 29ನೆಯದು ಚಿಹ್ನೆ. 10,000 ಎಂದರೆ 8192 + 1024 + 512 + 256 + 16. ಹಾಗಾಗಿ 25, 22, 21, 20, 16ನೇ ಬಿಟ್‌ಗಳು 1. ಮಾಹಿತಿ ಸರಿಯಾಗಿದೆ ಎಂದು ಹೇಳುವ 30, 31ನೇ ಬಿಟ್‌ಗಳು 11. ಈಗ ಒಂದುಗಳನ್ನು ಎಣಿಸಿ: ಲೇಬಲ್ಲಿನಲ್ಲಿ 3, ಎತ್ತರದಲ್ಲಿ 5, ಇಲ್ಲಿ 2, ಒಟ್ಟು 10. ಪ್ಯಾರಿಟಿ, ಅಂದರೆ ಪದದಲ್ಲಿನ ಒಂದುಗಳ ಒಟ್ಟು ಸಂಖ್ಯೆ, ಬೆಸ ಆಗಬೇಕಾದ್ದರಿಂದ 32ನೇ ಬಿಟ್ 1.

ಎಲ್ಲರೂ ಎಡವುವುದು ಲೇಬಲ್ಲಿನಲ್ಲಿ. ಲೇಬಲ್ಲಿನ ದೊಡ್ಡ ಬೆಲೆಯ ಬಿಟ್ ಮೊದಲು ಹೋಗುತ್ತದೆ. ಉಳಿದ ಮಾಹಿತಿಯಲ್ಲಿ ಚಿಕ್ಕ ಬೆಲೆಯದು ಮೊದಲು. ಇಡೀ 32 ಬಿಟ್ಟನ್ನು ಒಂದೇ ಲೂಪಿನಲ್ಲಿ ಚಿಕ್ಕದರಿಂದ ಕಳಿಸಿದರೆ 203 ಹೋಗಿ 301 ಆಗುತ್ತದೆ. ಒಂದುಗಳ ಸಂಖ್ಯೆ ಬದಲಾಗದೆ ಇರುವುದರಿಂದ ಪ್ಯಾರಿಟಿ ಈ ತಪ್ಪನ್ನು ಹಿಡಿಯುವುದಿಲ್ಲ. ಪರದೆಯ ಮೇಲೆ ಮೊದಲ ಎಂಟು ಬಿಟ್ 1 0 0 0 0 0 1 1 ಎಂದು ಕಾಣಬೇಕು.

ಇದನ್ನು ನಿಜವಾದ ಏವಿಯಾನಿಕ್ಸ್ ಪೆಟ್ಟಿಗೆಗೆ ಜೋಡಿಸಬೇಡಿ. 429ರಲ್ಲಿ ಎರಡು ತಂತಿಗಳ ನಡುವಿನ ಅಂತರ ಧನ ಅಥವಾ ಋಣ 10 ವೋಲ್ಟ್, ರಿಸೀವರ್ 6.5ರಿಂದ 13ರವರೆಗಿನದನ್ನು ಮಾತ್ರ ಖಚಿತವಾಗಿ ಗುರುತಿಸುತ್ತದೆ. ನಿಮ್ಮ 5 ವೋಲ್ಟ್ ಅದಕ್ಕೆ ಅತ್ತಲೂ ಅಲ್ಲ ಇತ್ತಲೂ ಅಲ್ಲ. ಮುಂದಿನ ಹೆಜ್ಜೆಗೆ 429ರ ಲೈನ್ ಡ್ರೈವರ್ ಚಿಪ್ ಕೊಳ್ಳಿ.

ವೈವಾದಲ್ಲಿ ವ್ಯಾಖ್ಯೆ ಕೇಳುವ ಬದಲು ಕೆಡಿಸಿದ ಪದ ಕೊಡಿ. ಒಂದರಲ್ಲಿ ಪ್ಯಾರಿಟಿ ಸಮ, ಇನ್ನೊಂದರಲ್ಲಿ ಲೇಬಲ್ ತಿರುಗುಮುರುಗು, ಮೂರನೆಯದರಲ್ಲಿ ಎತ್ತರವೆಲ್ಲ ಸರಿಯಿದ್ದು 30, 31ನೇ ಬಿಟ್ 00. ಕೊನೆಯದು ವೈಫಲ್ಯದ ಎಚ್ಚರಿಕೆ. ಅಂಕಿ ಸರಿಯಾಗಿ ಕಂಡರೂ ಪೈಲಟ್‌ಗೆ ಅದನ್ನು ತೋರಿಸಬಾರದು. ಇದನ್ನು ತಾನೇ ಕಂಡುಹಿಡಿದ ವಿದ್ಯಾರ್ಥಿಗೆ ಪೂರ್ತಿ ಅಂಕ ಕೊಡಿ, ರೆಕಾರ್ಡ್ ಪುಸ್ತಕ ಅಂದವಾಗಿ ಇಲ್ಲದಿದ್ದರೂ.

ಬ್ರಿಡ್ಜ್ ರೆಕ್ಟಿಫೈಯರ್ ಪ್ರಯೋಗದಲ್ಲಿ ಡಯೋಡ್ ಸುಡುತ್ತಲೇ ಇರುತ್ತವೆ. ಡಿಎಸ್‌ಒ (ಡಿಜಿಟಲ್ ಆಸಿಲೋಸ್ಕೋಪ್) ಪ್ಲಗ್ಗಿನ ಅರ್ಥ್ ಪಿನ್ ತೆಗೆದರೆ ಸರಿಹೋಗುತ್ತದೆ ಎಂದು ಹೇಳುತ್ತಾರೆ. ಹೌದೇ?
— ಲ್ಯಾಬ್ ಸಹಾಯಕ, ಮೈಸೂರು

ದಯವಿಟ್ಟು ತೆಗೆಯಬೇಡಿ. ಅರ್ಥ್ ಇಲ್ಲದ ಸ್ಕೋಪಿನ ಲೋಹದ ಭಾಗಗಳು, ಕ್ಲಿಪ್ ಎಲ್ಲಿದೆಯೋ ಅಲ್ಲಿಯ ವೋಲ್ಟೇಜಿಗೆ ಏರುತ್ತವೆ. ಮುಟ್ಟಿದ ವಿದ್ಯಾರ್ಥಿಯ ಜೀವಕ್ಕೇ ಕುತ್ತು.

ಡಯೋಡ್ ಸುಡಲು ಕಾರಣ ಬೇರೆ. ಎರಡೂ ಚಾನೆಲ್ಲಿನ ಗ್ರೌಂಡ್ ಕ್ಲಿಪ್ ಒಳಗೆ ಒಂದೇ. ಒಂದು ಕ್ಲಿಪ್ಪನ್ನು ಟ್ರಾನ್ಸ್‌ಫಾರ್ಮರಿನ ಒಂದು ತುದಿಗೆ, ಇನ್ನೊಂದನ್ನು ಬ್ರಿಡ್ಜಿನ ಋಣ ತುದಿಗೆ ಹಾಕಿದರೆ ನಡುವಿನ ಡಯೋಡ್ ಶಾರ್ಟ್ ಆಗಿ, ಅದರ ಜೋಡಿ ಡಯೋಡ್ ಅರ್ಧ ಸೈಕಲ್ ಪೂರ್ತಿ ಶಾರ್ಟ್ ಕರೆಂಟ್ ಹೊರುತ್ತದೆ. ಇನ್‌ಪುಟ್ ನೋಡಬೇಕಾದಾಗ ಕ್ಲಿಪ್‌ಗಳನ್ನು ಸರ್ಕ್ಯೂಟಿಗೆ ತಾಕಿಸದೆ, ಎರಡು ಪ್ರೋಬ್ ತುದಿಗಳನ್ನು ಟ್ರಾನ್ಸ್‌ಫಾರ್ಮರಿನ ಎರಡು ತುದಿಗೆ ಇಟ್ಟು ಕಳೆಯುವ ಮ್ಯಾತ್ ಆಯ್ಕೆ ಬಳಸಿ. ಮೇನ್ಸಿಗೆ ನೇರ ಜೋಡಿಸಿದ ಬ್ರಿಡ್ಜನ್ನು ಪದವಿ ಲ್ಯಾಬಿಗೆ ತರಲೇಬೇಡಿ, 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಇರಲಿ.

ವಿಮಾನದ ಬಾಂಡಿಂಗ್ (ಲೋಹದ ಭಾಗಗಳನ್ನು ಕರೆಂಟ್ ಹರಿಯುವಂತೆ ಒಂದಕ್ಕೊಂದು ಜೋಡಿಸುವುದು) ರೋಧ 2.5 ಮಿಲಿಓಮ್ ಮೀರಬಾರದು ಎನ್ನುತ್ತಾರೆ. ನನ್ನ ಮಲ್ಟಿಮೀಟರ್ ಎಲ್ಲಿ ಇಟ್ಟರೂ 0.3 ಓಮ್ ತೋರಿಸುತ್ತದೆ.
— ಆರನೇ ಸೆಮಿಸ್ಟರ್ ವಿದ್ಯಾರ್ಥಿ, ದಾವಣಗೆರೆ

ಆ 0.3 ಓಮ್ ನಿಮ್ಮ ಮೀಟರಿನ ಎರಡು ಲೀಡುಗಳದ್ದು. ಅಳೆಯಬೇಕಾದದ್ದು ಅದರ ನೂರನೇ ಒಂದು ಭಾಗಕ್ಕಿಂತ ಚಿಕ್ಕದು. ಹಾಗಾಗಿ ನಾಲ್ಕು ತಂತಿಯ ವಿಧಾನ ಬೇಕು. ಬೆಂಚ್ ಪವರ್ ಸಪ್ಲೈಯ ವೋಲ್ಟೇಜ್ ಮಿತಿಯನ್ನು 2 ವೋಲ್ಟಿಗೆ ಇಳಿಸಿ, ಕರೆಂಟ್ 2 ಆಂಪಿಯರ್‌ಗೆ ನಿಲ್ಲಿಸಿ, ಜೋಡಣೆಯ ಹೊರತುದಿಗಳಿಂದ ಹರಿಸಿ. ಮೀಟರನ್ನು 200 ಮಿಲಿವೋಲ್ಟ್ ಡಿಸಿಗೆ ಇಟ್ಟು ಜೋಡಣೆಯ ಅತ್ತಿತ್ತ, ಕ್ಲಿಪ್‌ಗಳ ಒಳಬದಿಯಲ್ಲಿ, ಲೋಹಕ್ಕೇ ಒತ್ತಿ ಅಳೆಯಿರಿ. 5 ಮಿಲಿವೋಲ್ಟ್ ಬಂದರೆ 2.5 ಮಿಲಿಓಮ್. ಮೀಟರಿನ ಮೊನೆಯನ್ನು ಕರೆಂಟಿನ ಕ್ಲಿಪ್ಪಿಗೇ ತಾಕಿಸಿದರೆ ಕ್ಲಿಪ್ಪಿನ ರೋಧವೂ ಸೇರಿಕೊಳ್ಳುತ್ತದೆ. ಕರೆಂಟಿನ ದಿಕ್ಕು ತಿರುಗಿಸಿ ಇನ್ನೊಮ್ಮೆ ಅಳೆದು ಸರಾಸರಿ ತೆಗೆದರೆ, ಶಾಖದಿಂದ ಹುಟ್ಟುವ ಪುಟ್ಟ ವೋಲ್ಟೇಜ್ ರದ್ದಾಗುತ್ತದೆ.

ಆನೊಡೈಸ್ ಮಾಡಿದ ಎರಡು ಅಲ್ಯುಮಿನಿಯಂ ಪಟ್ಟಿಗಳನ್ನು ಬೋಲ್ಟ್ ಹಾಕಿ ಅಳೆದು, ಆಮೇಲೆ ಕೂಡುವ ಜಾಗವನ್ನು ಎಮರಿ ಕಾಗದದಿಂದ ಹೊಳೆಯುವವರೆಗೆ ಉಜ್ಜಿ ಮತ್ತೆ ಅಳೆಯಿರಿ. ಮೊದಲ ಅಳತೆ ಹೆಚ್ಚು ಮಾತ್ರವಲ್ಲ, ಪಟ್ಟಿ ಅಲುಗಿಸಿದರೆ ಕುಣಿಯುತ್ತದೆ. ಆ ಪದರ ವಿದ್ಯುತ್ತಿಗೆ ಅಡ್ಡಿ, ಕರೆಂಟ್ ಬರೀ ಬೋಲ್ಟಿನ ಮೂಲಕ ದಾರಿ ಹುಡುಕುತ್ತಿರುತ್ತದೆ.

28 ವೋಲ್ಟ್ ಬಸ್ಸಿನಿಂದ (ವಿದ್ಯುತ್ ಹಂಚುವ ಪಟ್ಟಿ) 8 ಮೀಟರ್ ದೂರದ, ಸದಾ 10 ಆಂಪಿಯರ್ ಎಳೆಯುವ ಲೋಡಿಗೆ ನನಗೆ 14 ಗೇಜ್ ವೈರ್ ಎಂದು ಉತ್ತರ ಬಂತು, ಗೆಳತಿಗೆ 12. ಯಾರದು ಸರಿ?
— ಡಿಪ್ಲೊಮಾ ವಿದ್ಯಾರ್ಥಿನಿ, ಕಲಬುರಗಿ

28 ವೋಲ್ಟ್ ವ್ಯವಸ್ಥೆಯಲ್ಲಿ ಸತತ ಲೋಡಿಗೆ 1 ವೋಲ್ಟ್‌ವರೆಗೆ ಇಳಿತ ಒಪ್ಪಿಗೆ. ಗೇಜ್ ಅಂಕಿ ಇಳಿದಷ್ಟೂ ವೈರ್ ದಪ್ಪ. 14 ಗೇಜಿನ ತಾಮ್ರ ಮೀಟರಿಗೆ 8.3 ಮಿಲಿಓಮ್, 8 ಮೀಟರಿಗೆ 0.66 ವೋಲ್ಟ್ ಇಳಿತ. ನಿಮ್ಮದು ಸರಿ, ಆದರೆ ಕರೆಂಟ್ ಲೋಹದ ಮೈಯ ಮೂಲಕ ಮರಳುತ್ತದೆ ಎಂದುಕೊಂಡಾಗ. ಕಾಂಪೊಸಿಟ್ (ಲೋಹದ ಬದಲು ನಾರು-ರಾಳದಿಂದ ಮಾಡಿದ) ವಿಮಾನದಲ್ಲಿ ಆ ದಾರಿ ಇಲ್ಲ. ಬೆಂಗಳೂರಿನ ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ರೂಪಿಸಿದ, 1993ರಲ್ಲಿ ಮೊದಲು ಹಾರಿದ ಹಂಸ ವಿಮಾನ ಅಂಥದ್ದು. ಅಲ್ಲಿ ಮರಳಲು ಇನ್ನೊಂದು ವೈರ್ ಬೇಕು, ಉದ್ದ 16 ಮೀಟರ್. ಆಗ 14 ಗೇಜಿನಲ್ಲಿ 1.3 ವೋಲ್ಟ್ ಇಳಿದು ಮಿತಿ ಮೀರುತ್ತದೆ. 12 ಗೇಜಿನ 5.2 ಮಿಲಿಓಮ್‌ಗೆ 0.83 ವೋಲ್ಟ್. ಗೆಳತಿ ಬಹುಶಃ ಹೋಗಿಬರುವ ದೂರ ಲೆಕ್ಕ ಹಾಕಿದ್ದಾರೆ.

ಈ ಅಂಕಿಗಳು ಒಂಟಿ ಗಟ್ಟಿ ತಂತಿಯವು. ವಿಮಾನಕ್ಕೆ ಬಳಸುವ ತವರ ಲೇಪಿತ, ಹಲವು ಎಳೆಗಳ 12 ಗೇಜ್ ವೈರಿನಲ್ಲಿ ಮೀಟರಿಗೆ ಸುಮಾರು 6.6 ಮಿಲಿಓಮ್‌ವರೆಗೆ ಇರಬಹುದು. ಆಗ 1.06 ವೋಲ್ಟ್ ಇಳಿದು, 10 ಗೇಜಿಗೇ ಹೋಗಬೇಕಾಗುತ್ತದೆ. ಪ್ರಶ್ನೆಪತ್ರಿಕೆ ತೆಗೆಯುವ ಮೇಷ್ಟ್ರುಗಳು ‘ಮರಳುವ ದಾರಿ ಯಾವುದು, ಯಾವ ವೈರ್’ ಎಂದು ಪ್ರಶ್ನೆಯಲ್ಲೇ ಹೇಳಬೇಕು.

ಮಗಳು ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಏವಿಯಾನಿಕ್ಸ್ ಇಷ್ಟ. ಬಿ.ಇ. ಸೇರಿಸುವುದೋ, ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರಿಂಗ್) ಸೇರಿಸುವುದೋ?
— ಪೋಷಕರು, ಶಿವಮೊಗ್ಗ

ಎರಡೂ ಬೇರೆ ಬೇರೆ ಕೆಲಸಕ್ಕೆ ಒಯ್ಯುತ್ತವೆ. ವಿಮಾನ ರಿಪೇರಿಯಾದ ಮೇಲೆ ‘ಹಾರಬಹುದು’ ಎಂದು ಸಹಿ ಹಾಕಲು ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಲೈಸೆನ್ಸ್ ಬೇಕು, ಬಿ.ಇ. ಪದವಿಯೊಂದರಿಂದ ಆ ಅಧಿಕಾರ ಬರುವುದಿಲ್ಲ. ಏವಿಯಾನಿಕ್ಸಿಗೆ ಬಿ2 ವಿಭಾಗ, ಎಂಜಿನ್ ಮತ್ತು ಮೆಕ್ಯಾನಿಕಲ್ ಕಡೆಗೆ ಬಿ1. ಪರೀಕ್ಷೆ ಮಾಡ್ಯೂಲ್‌ಗಳಾಗಿ ನಡೆಯುತ್ತದೆ, ಪಾಸಾಗಲು 75 ಶೇಕಡಾ ಬೇಕು. ಪರೀಕ್ಷೆಯ ಜೊತೆಗೆ ವಿಮಾನದ ಮೇಲೆ ಕೆಲಸ ಮಾಡಿದ ಅನುಭವವನ್ನೂ ತೋರಿಸಬೇಕು. ಸೇರಿಸುವ ಮುನ್ನ ಆ ಸಂಸ್ಥೆಗೆ ಡಿಜಿಸಿಎ ಅನುಮೋದನೆ ಬಿ2 ವಿಭಾಗಕ್ಕೇ ಇದೆಯೇ, ಇನ್ನೂ ಚಾಲ್ತಿಯಲ್ಲಿದೆಯೇ ಎಂದು ಡಿಜಿಸಿಎ ಜಾಲತಾಣದ ಪಟ್ಟಿಯಲ್ಲಿ ನೋಡಿ. ಅನುಭವವನ್ನು ಯಾವ ವಿಮಾನದ ಮೇಲೆ, ಎಲ್ಲಿ ಕೊಡಿಸುತ್ತಾರೆ ಎಂದು ಲಿಖಿತವಾಗಿ ಕೇಳಿ.

ವಿನ್ಯಾಸ, ಸಾಫ್ಟ್‌ವೇರ್, ಪರೀಕ್ಷೆಯ ಕಡೆ ಒಲವಿದ್ದರೆ ಬಿ.ಇ. ಸರಿ. ಏರೋನಾಟಿಕಲ್ಲೇ ಆಗಬೇಕೆಂದಿಲ್ಲ, ಎಲೆಕ್ಟ್ರಾನಿಕ್ಸ್ ಅಥವಾ ಎಲೆಕ್ಟ್ರಿಕಲ್ ಓದಿದವರಿಗೂ ಏವಿಯಾನಿಕ್ಸಿನಲ್ಲಿ ಕೆಲಸವಿದೆ. ಏವಿಯಾನಿಕ್ಸ್ ಪೆಟ್ಟಿಗೆಯ ಒಳಗಿನ ಸರ್ಕ್ಯೂಟಿನ ಮಟ್ಟಿಗೆ ಅವರ ಬುನಾದಿಯೇ ಹೆಚ್ಚು ಗಟ್ಟಿ ಎಂಬುದು ನಮ್ಮ ಅಭಿಪ್ರಾಯ.